ಚೀಟಿ ಬರೆದುಕೊಟ್ಟ ಮೇಲೆ

ಕೆಜಿಎಫ್, ಬಂಗಾರಪೇಟೆ ಕಡೆಯ ಬಸುರಿಗೆ ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಕೂಸಿನ ಹೃದಯದ ಬಗ್ಗೆ ಅನುಮಾನ ಬಂದರೆ ಕೈಗೆ ಸಿಗುವುದು ಇಂಗ್ಲಿಷಿನ ವರದಿ ಮತ್ತು 'ಬೆಂಗಳೂರಿನಲ್ಲಿ ಫೀಟಲ್ ಎಕೋ (ಹೊಟ್ಟೆಯೊಳಗಿನ ಕೂಸಿನ ಹೃದಯದ ಸ್ಕ್ಯಾನ್) ಮಾಡಿಸಿ' ಎಂಬ ಚೀಟಿ. ಮನೆ ಮುಟ್ಟುವಷ್ಟರಲ್ಲಿ ವರದಿ 'ಹಾರ್ಟಲ್ಲಿ ಹೋಲ್' ಆಗಿರುತ್ತದೆ. ಸಂಜೆಗೆ ಗ್ರಹಣದ ದಿನ ಹೊರಗೆ ಬಂದಿದ್ದೆಯಾ ಎಂಬ ವಿಚಾರಣೆ ಶುರು.

ಚೀಟಿ ಬರೆದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಮಾರಿಕುಪ್ಪಂನಿಂದ ಹೊರಟ ರೈಲು ಬಂಗಾರಪೇಟೆ, ಮಾಲೂರು ದಾಟಿ ವೈಟ್‌ಫೀಲ್ಡ್ ಸೇರುತ್ತದೆ. ಹೃದಯದ ಶಸ್ತ್ರಚಿಕಿತ್ಸೆಗೆ ಬಿಲ್ಲೇ ಇಲ್ಲದ ಶ್ರೀ ಸತ್ಯಸಾಯಿ ಆಸ್ಪತ್ರೆ ಅಲ್ಲಿ ತೆರೆದದ್ದು 2001ರ ಜನವರಿಯಲ್ಲಿ. ಮರುತಿಂಗಳು 28ಕ್ಕೆ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿತು. ಗಣಿಯವರದೇ ಆಸ್ಪತ್ರೆಯೂ ಅದರ ಹಿಂದೆಯೇ ಹೋಯಿತು. ಆಮೇಲಿನಿಂದ ಈ ಊರಿನವರಿಗೆ ಕೂಲಿಗೂ ರೈಲು, ಕಾಯಿಲೆಗೂ ರೈಲು.

ನನ್ನ ತಕರಾರು 'ಹೋಲ್' ಎಂಬ ಮಾತಿನ ಮೇಲೆ. ಸಾವಿರ ಕೂಸುಗಳಲ್ಲಿ ಎಂಟು ಹತ್ತಕ್ಕೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ, ಆದರೆ ದೋಷ ಒಂದೇ ಬಗೆಯದಲ್ಲ. ಕೆಳಕೋಣೆಗಳ ನಡುವಿನ ಸಣ್ಣ ರಂಧ್ರ ಎಷ್ಟೋ ಮಕ್ಕಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಎರಡು ದೊಡ್ಡ ಧಮನಿಗಳು ಅದಲುಬದಲಾದ ಕೂಸು ಹೊಟ್ಟೆಯೊಳಗೆ ಆರಾಮಾಗಿದ್ದು, ಹುಟ್ಟಿದ ಮೇಲೆ ನೀಲಿಗಟ್ಟುತ್ತದೆ. ಮೊದಲ ಕೆಲವು ವಾರಗಳಲ್ಲಿ ಶಸ್ತ್ರಚಿಕಿತ್ಸೆಯಾದರೆ ಸಾಮಾನ್ಯವಾಗಿ ಎಲ್ಲರಂತೆ ಬೆಳೆಯುತ್ತದೆ. ಅದಕ್ಕೆ ಹೆರಿಗೆ ಎಲ್ಲಿ ಎಂಬುದೇ ಅರ್ಧ ಚಿಕಿತ್ಸೆ. ಇನ್ನು ಎಡಭಾಗವೇ ಬೆಳೆಯದ ಹೃದಯಕ್ಕೆ ಹಲವು ಆಪರೇಷನ್ ಆದರೂ ಭರವಸೆ ಕೊಡುವುದು ಕಷ್ಟ. ಕಾಗದದ ಮೇಲೆ ಹೃದಯವೊಂದನ್ನು ಬರೆದು, ನಿಮ್ಮ ಕೂಸಿನದು ಇದು ಎಂದು ತಮಿಳಲ್ಲೋ ತೆಲುಗಲ್ಲೋ ಕನ್ನಡದಲ್ಲೋ ತೋರಿಸಲು ಹತ್ತು ನಿಮಿಷ ಸಾಕು. ಅತ್ತೆಯನ್ನೂ ಕೂರಿಸಿಕೊಂಡು, ತಾಯಿ ಮಾಡಿದ್ದರಿಂದ ಆದದ್ದಲ್ಲ ಎಂದು ಬಾಯಿಬಿಟ್ಟು ಹೇಳಲು ಇನ್ನೆರಡು ನಿಮಿಷ.

'ಬೇಗ ನಿರ್ಧಾರ ಮಾಡಿ, 24 ವಾರ ದಾಟಿದರೆ ಏನೂ ಆಗಲ್ಲ' ಎಂಬ ಅವಸರವೂ ಪೂರ್ತಿ ಸರಿಯಲ್ಲ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ ಭ್ರೂಣದ ದೋಷ ಗಂಭೀರವೆಂದು ವೈದ್ಯಕೀಯ ಮಂಡಳಿ ಕಂಡುಕೊಂಡರೆ ಆ ಗಡಿ ಅನ್ವಯಿಸುವುದಿಲ್ಲ. ಮಂಡಳಿ ಮೂರು ದಿನದಲ್ಲಿ ತೀರ್ಮಾನ ಹೇಳಬೇಕು. ಗರ್ಭಪಾತಕ್ಕೆ ಒಪ್ಪಿದರೆ ಅದು ಐದು ದಿನದೊಳಗೆ, ತಕ್ಕ ಸಮಾಲೋಚನೆಯೊಂದಿಗೆ ಆಗುವಂತೆ ನೋಡಿಕೊಳ್ಳಬೇಕು. ಅಂದರೆ ಆ ನಿಯಮದಲ್ಲಿ ಸಮಾಲೋಚನೆ ಬಸಿರು ಇಳಿಸಿಕೊಳ್ಳುವವಳಿಗೆ. ಕೂಸು ಬೇಕೆಂದು ಎದ್ದು ಬಂದವಳಿಗೆ?

ಅವಳ ಪಾಲಿಗೆ ಉಳಿಯುವುದು ನಾಲ್ಕು ತಿಂಗಳ ಮೌನ. ತಾಯಿ ಕಾರ್ಡಿನಲ್ಲಿ ತೂಕ, ಬಿಪಿ, ರಕ್ತದ ಲೆಕ್ಕ ಏರುತ್ತಾ ಹೋಗುತ್ತದೆ. ಮಕ್ಕಳ ಹೃದಯದೋಷವನ್ನು ಪಟ್ಟಿಯಲ್ಲಿ ಇಟ್ಟುಕೊಂಡ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ, ಒಳ್ಳೆಯದೇ. ಆದರೆ ಅದರ ತಪಾಸಣೆ ಶುರುವಾಗುವುದು ಮಗು ಹುಟ್ಟಿದ ಮೇಲೆ. ಓಣಿಯ ಆಶಾ ಕಾರ್ಯಕರ್ತೆಗೆ ಆ ಮನೆಯ ಭಾಷೆ ಗೊತ್ತು, ಅತ್ತೆಯ ಸ್ವಭಾವವೂ ಗೊತ್ತು. ವರದಿಯಲ್ಲಿ ಏನಿದೆ ಎಂದು ಅವಳಿಗೆ ಬಿಡಿಸಿ ಹೇಳುವವರಿಲ್ಲ.

ಇದರ ಮಧ್ಯೆ ಸೀಮಂತ ಬರುತ್ತದೆ. ಚೊಚ್ಚಲಾದರೆ ಹೆರಿಗೆಗೆ ತವರಿಗೆ ಹೋಗಬೇಕು. ಆ ತವರು ಗಡಿಯಾಚೆ ಕುಪ್ಪಂನಲ್ಲಿರಬಹುದು. ಹೆರಿಗೆ ಬೆಂಗಳೂರಿನಲ್ಲೇ ಆಗಲಿ ಎಂದು ಬರೆದವರು, ಒಂಬತ್ತರಲ್ಲಿ ಅವಳು ಅಲ್ಲಿ ಯಾರ ಮನೆಯಲ್ಲಿ ಇರುತ್ತಾಳೆ, ಜೊತೆಗೆ ನಿಂತ ಗಂಡನ ದಿನಗೂಲಿ ಏನಾಗುತ್ತದೆ ಎಂದು ಕೇಳಿರುವುದಿಲ್ಲ. ಮಡಿಲು ತುಂಬಿಸಿಕೊಂಡು ಅವಳು ತವರಿನ ರೈಲು ಹತ್ತುತ್ತಾಳೆ. ಎಕೋ ಫೈಲು ಗಂಡನ ಮನೆಯ ಬೀರುವಿನಲ್ಲೇ ಉಳಿದಿರುತ್ತದೆ.