ಊರಿಲ್ಲದ ಕಾರ್ಣಿಕ

ಮೈಕೆಲ್ ಹಾರ್ನರ್ ಅವರ 'ದಿ ವೇ ಆಫ್ ದಿ ಷಾಮನ್' (1980) ಓದಲು ಸಲೀಸು, ಒಪ್ಪಲು ಕಷ್ಟ. ಹಾರ್ನರ್ ಗ್ರಂಥಾಲಯದಲ್ಲೇ ಕೂತು ಬರೆದ ಮಾನವಶಾಸ್ತ್ರಜ್ಞರಲ್ಲ. 1956-57ರಲ್ಲಿ ಈಕ್ವೆಡಾರಿನ ಶುವಾರ್ ಜನರ ನಡುವೆ, 1960-61ರಲ್ಲಿ ಪೆರುವಿನ ಕೊನಿಬೊ ಜನರ ನಡುವೆ ಇದ್ದು, ಕೊನಿಬೊ ಜನ ಕೊಟ್ಟ ಆಯಾವಾಸ್ಕಾ ಕಷಾಯ ಕುಡಿದು, ಕಂಡದ್ದನ್ನು ಮುಚ್ಚಿಡದೆ ಬರೆದರು. ಷಾಮನ್‌ಗಳನ್ನು, ಅಂದರೆ ಬೇರೆ ಲೋಕಕ್ಕೆ ಹೋಗಿಬರುವ ಮಂತ್ರವಾದಿಗಳನ್ನೆಲ್ಲ, ಮನೋರೋಗಿಗಳ ಸಾಲಿಗೆ ಸೇರಿಸುವ ವಿದ್ವಾಂಸರು ಇನ್ನೂ ಇದ್ದ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ಎಡವಟ್ಟಾದದ್ದು ಮುಂದಿನ ಹೆಜ್ಜೆಯಲ್ಲಿ. ಊರು, ಕುಲ, ದೇವರು ಎಲ್ಲವನ್ನೂ ಸೋಸಿ ತೆಗೆದರೂ ಷಾಮನ್ ವಿದ್ಯೆಯ ಒಂದು ತಿರುಳು ಉಳಿಯುತ್ತದೆ, ಅದನ್ನು ಯಾರು ಬೇಕಾದರೂ ಕಲಿಯಬಹುದು ಎಂದರು. ಕಷಾಯವೂ ಬೇಡ, ನಿಮಿಷಕ್ಕೆ 205ರಿಂದ 220 ಪೆಟ್ಟು ಬೀಳುವ ಡೋಲು ಸಾಕು, ಅದಿಲ್ಲದಿದ್ದರೆ ಕ್ಯಾಸೆಟ್ಟೂ ನಡೆದೀತು.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಕೂತು ಇದನ್ನು ಓದುವವರಿಗೆ ಮೈಲಾರದ ಕಾರ್ಣಿಕ, ಅಲ್ಲಿ ವರ್ಷಕ್ಕೊಮ್ಮೆ ನುಡಿಯುವ ಭವಿಷ್ಯವಾಣಿ, ನೆನಪಾಗದೆ ಇರದು. ಹೂವಿನಹಡಗಲಿ ತಾಲ್ಲೂಕಿನ ಆ ಊರು 2021ರವರೆಗೆ ನಮ್ಮ ಜಿಲ್ಲೆಯದೇ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಉಪವಾಸವಿದ್ದ ಗೊರವಯ್ಯ, ಮೈಲಾರಲಿಂಗನ ಭಕ್ತ, ಡೆಂಕನಮರಡಿ ಎಂಬಲ್ಲಿ ಬಿಲ್ಲೇರುತ್ತಾರೆ. 'ಸದ್ದಲೇ' ಎಂದದ್ದೇ ತಡ, ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಒಂದು ಮಾತು. ಮರುಕ್ಷಣ ಗೊರವಯ್ಯ ಮೇಲಿಂದ ಕೆಳಕ್ಕೆ, ನಿಂತವರ ಕೈಗಳಿಗೆ. ಆ ಮಾತು ಅಷ್ಟಕ್ಕೇ ಮುಗಿಯುವುದಿಲ್ಲ. ಸಿರುಗುಪ್ಪದ ಭತ್ತದ ರೈತ ಅದರಲ್ಲಿ ತುಂಗಭದ್ರೆಯ ಕಾಲುವೆ ನೀರನ್ನು ಹುಡುಕುತ್ತಾನೆ, ಕುರುಗೋಡಿನ ಮೆಣಸಿನಕಾಯಿ ಬೆಳೆದವನು ಪೇಟೆಧಾರಣೆಯನ್ನು, ರಾಜಕಾರಣಿ ತನ್ನ ಕುರ್ಚಿಯನ್ನು. ಅರ್ಧ ಕಾರ್ಣಿಕ ನುಡಿದವರದಾದರೆ ಉಳಿದರ್ಧ ಕೇಳಿದವರದು. ಹಾರ್ನರ್ ಸೋಸಿ ಚೆಲ್ಲಿದ್ದು ಈ ಉಳಿದರ್ಧವನ್ನು.

ಹೋಲಿಕೆಯೇ ಸರಿಯಿಲ್ಲ ಎನ್ನಬಹುದು: ಷಾಮನ್ ಬೇರೆ ಲೋಕಕ್ಕೆ ತಾನೇ ಹೋಗಿಬರುವವನು, ಗೊರವಯ್ಯನ ಬಾಯಲ್ಲಿ ನುಡಿಯುವುದು ಮೈಲಾರಲಿಂಗ. ಹಾರ್ನರ್ ಕೂಡ ಈ ಗೆರೆ ಎಳೆದಿದ್ದಾರೆ, ಅದು ನಿಜವೂ ಹೌದು. ಆದರೆ ನನ್ನ ತಕರಾರು ಹೋಗುವುದೋ ಬರುವುದೋ ಎಂಬುದರ ಬಗ್ಗೆ ಅಲ್ಲ, ತಂದ ಮಾತು ಯಾರಿಗೆ ಸಲ್ಲುತ್ತದೆ ಎಂಬುದರ ಬಗ್ಗೆ. ಶುವಾರರಲ್ಲಿ ಮಂತ್ರವಾದಿ ಗುಣಪಡಿಸಬಲ್ಲ, ಕೊಲ್ಲಬಲ್ಲ; ಹಾಗಾಗಿ ಊರಿನ ಕಣ್ಣು ಸದಾ ಅವನ ಮೇಲೆ. ಇದನ್ನೂ ನಾವು ತಿಳಿದದ್ದು ಶುವಾರರ ಕುರಿತ ಹಾರ್ನರ್ ಅವರ 1972ರ ಪುಸ್ತಕ 'ದಿ ಹಿವಾರೊ'ದಿಂದಲೇ! ಸಂಪ್ರದಾಯ ಕಳೆದುಕೊಂಡವರಿಗೆ ತಿರುಳಾದರೂ ಸಿಗಲಿ ಎಂಬ ವಾದಕ್ಕೆ ತೂಕವಿದೆ, ಒಂಟಿಯಾಗಿ ನರಳುವವನಿಗೆ ಡೋಲಿನಿಂದ ನೆಮ್ಮದಿ ಸಿಕ್ಕರೆ ಬೇಡವೆನ್ನಲು ನಾವ್ಯಾರು? ಕಾರ್ಣಿಕವೂ ಈಗ ಟಿವಿ ಚರ್ಚೆಗೆ ಸರಕಾಗಿದೆ, ಅದನ್ನೂ ಒಪ್ಪೋಣ. ಆದರೂ ನುಡಿ ಸುಳ್ಳಾದರೆ ಗೊರವಯ್ಯ ಬರುವ ವರ್ಷದ ಜಾತ್ರೆಗೆ ಅದೇ ಜನರ ಎದುರು ಅದೇ ಬಿಲ್ಲೇರಬೇಕು. ಕ್ಯಾಸೆಟ್ ಹಾಕಿಕೊಂಡು ಕತ್ತಲ ಕೋಣೆಯಲ್ಲಿ ಒಬ್ಬನೇ ಮಲಗಿದವನು ಕಂಡದ್ದನ್ನು ಸುಳ್ಳೆನ್ನಲು ಅಲ್ಲಿ ಯಾರೂ ಇಲ್ಲ.