ಬೈಲಕುಪ್ಪೆಯ ಬಟ್ಟಲು, ಯೊಕೊಹಾಮದ ಬೆಳ್ಳಿ

ಬೆಳ್ಳಿಯ ಟೀ ಸಾಮಾನನ್ನು ತೂಗಿ ನೋಡುವಾಗ ಕುಸುರಿಗಿಂತ ಮೊದಲು ಕೇಳಬೇಕಾದ್ದು, ಅದರಲ್ಲಿ ಎಂಥ ಟೀ ಕುಡಿಯುತ್ತಿದ್ದರು ಎಂಬುದನ್ನು. ಹಾಗೆ ಕೇಳಿದರೆ, ಹರಾಜಿನಲ್ಲಿ ಭಾರಿ ಬೆಲೆಗೆ ಹೋಗುವ ಜಪಾನಿನ ಮೇಜಿ ಚಕ್ರವರ್ತಿಯ ಕಾಲದ ಸೆಟ್ಟುಗಳಿಗಿಂತ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲೆನಿಂತ ಟಿಬೆಟನ್ನರ ಬೆಳ್ಳಿ ಪೀಠದ ಬಟ್ಟಲೇ ಮೇಲಾದ ಕೆಲಸ ಎಂಬುದು ನನ್ನ ತೀರ್ಮಾನ.

ಜಪಾನಿನ ಅಕ್ಕಸಾಲಿಗರ ಕೈಚಳಕದ ಬಗ್ಗೆ ಎರಡು ಮಾತಿಲ್ಲ. 1876ರಲ್ಲಿ ಅಲ್ಲಿನ ಸರ್ಕಾರ ಸಮುರಾಯ್‌ಗಳು ಕತ್ತಿ ಧರಿಸುವುದನ್ನು ನಿಷೇಧಿಸಿದ ಮೇಲೆ, ಕತ್ತಿಗೆ ಹಿಡಿ, ಕಾಪು ಮಾಡುತ್ತಿದ್ದವರು ಬೇರೆ ಕೆಲಸ ಹುಡುಕಬೇಕಾಯಿತು; ಹಲವರು ಬೆಳ್ಳಿ ಸಾಮಾನಿಗೆ ಕೈಹಚ್ಚಿದರು. ಯೊಕೊಹಾಮದಲ್ಲಿ ಆರ್ಥರ್ ಅಂಡ್ ಬಾಂಡ್‌ನಂಥ ಅಂಗಡಿಗಳು ವಿದೇಶಿ ಗಿರಾಕಿಗಳಿಗೆ ಬೆಳ್ಳಿ ಸಾಮಾನು ಮಾರುತ್ತಿದ್ದವು. ಟೀಪಾಟಿನ ಮೈತುಂಬ ಡ್ರ್ಯಾಗನ್, ಐರಿಸ್ ಹೂ, ಬಿದಿರು. ಜೊತೆಗೆ ಹಾಲಿನ ಗಿಂಡಿ, ಸಕ್ಕರೆ ಬಟ್ಟಲು. ಹಸಿರು ಟೀ ಕುಡಿಯುವ ಜಪಾನಿಗೆ ಹಾಲೂ ಬೇಡ, ಸಕ್ಕರೆಯೂ ಬೇಡ. ಅಲಂಕಾರ ಜಪಾನಿನದಾದರೂ ಪಾತ್ರೆ ಇಂಗ್ಲಿಷರ ಮೇಜಿನದು. ಮದರಾಸಿನ ಪಿ. ಓರ್ ಅಂಡ್ ಸನ್ಸ್ ನಮ್ಮ ದೇವರುಗಳನ್ನು ಟೀಪಾಟಿನ ಮೇಲೆ ಕೂರಿಸಿದ ‘ಸ್ವಾಮಿ’ ಬೆಳ್ಳಿಯದೂ ಇದೇ ಕೊರತೆ. ಜಪಾನಿನವರು ತಮ್ಮ ಮನೆಗೇ ಮಾಡಿಕೊಂಡ, ನೀರು ಕಾಯಿಸುವ ಗಿನ್‌ಬಿನ್ ಎಂಬ ಬೆಳ್ಳಿ ಕೆಟಲಿನ ಸರಳತೆಯ ಮುಂದೆ ಈ ಡ್ರ್ಯಾಗನ್‌ಗಳು ಸಪ್ಪೆ.

ಇನ್ನು ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ಕಾಡು ಕಡಿದು ಊರು ಕಟ್ಟಿಕೊಂಡ ನಿರಾಶ್ರಿತರು ತಮ್ಮ ಟೀಯನ್ನೂ ಜೊತೆಗೆ ತಂದರು. ಇಟ್ಟಿಗೆಯಂತೆ ಒತ್ತಿದ ಟೀ ಸೊಪ್ಪನ್ನು ಚೆನ್ನಾಗಿ ಕುದಿಸಿ, ಸೋಸಿ, ಉಪ್ಪು ಬೆಣ್ಣೆ ಹಾಕಿ, ದೊಂಗ್ಮೊ ಎಂಬ ಉದ್ದನೆಯ ಮರದ ಕೊಳವೆಯಲ್ಲಿ ಕಡೆಯುತ್ತಾರೆ. ಆರಿದರೆ ಬೆಣ್ಣೆ ಮೇಲೆ ಕೆನೆಗಟ್ಟುತ್ತದೆ. ಅದಕ್ಕೇ ಬಟ್ಟಲಿಗೆ ಬೆಳ್ಳಿಯ ಮುಚ್ಚಳ. ತುದಿಯಲ್ಲಿ ಹಿಡಿಯಲೊಂದು ಹವಳದ ಮಣಿ. ಕೆಳಗೆ ತಾವರೆಯ ಎಸಳಿನಂತೆ ಅಂಚು ಹರಡಿದ ಬೆಳ್ಳಿಯ ಪೀಠ. ಅದರ ಮೇಲೆ ಶಂಖ, ಜೋಡಿಮೀನುಗಳ ಉಬ್ಬುಕೆಲಸ. ತುಟಿಗೆ ತಾಗುವ ನಡುವಿನ ಬಟ್ಟಲು ಮಾತ್ರ ಪಿಂಗಾಣಿ. ಬೆಳ್ಳಿ ಬಿಸಿಯನ್ನು ಬೇಗ ಹರಿಸುತ್ತದೆ. ಬೆಳ್ಳಿ ಲೋಟದಲ್ಲಿ ಕಾಫಿ ಕುಡಿದ ಮೈಸೂರಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಆ ತೊಂದರೆಗೆ ಮೇಜಿ ಟೀಪಾಟು ಹಿಡಿಕೆಗೆ ದಂತದ ತುಂಡು ಸೇರಿಸಿ ಉಪಾಯ ಹುಡುಕಿತು. ಟಿಬೆಟನ್ ಅಕ್ಕಸಾಲಿಗ ಬೆಳ್ಳಿಯನ್ನು ತುಟಿಯಿಂದಲೇ ದೂರವಿಟ್ಟ. ನನಗೆ ಈ ವಿವೇಕ ದೊಡ್ಡದು. ಹವಳ, ಪಚ್ಚೆನೀಲಿ ಕಲ್ಲುಗಳನ್ನು ಸಂದಿಲ್ಲದಂತೆ ತುಂಬಿದ ಬಟ್ಟಲುಗಳು ಮಾತ್ರ ನನಗೆ ಹಿಡಿಸುವುದಿಲ್ಲ. ಅಲ್ಲಿ ಬೆಳ್ಳಿಗೆ ಉಸಿರಾಡಲು ಜಾಗವಿಲ್ಲ.

ಈಗ ಮಿಕ್ಸರ್, ಥರ್ಮಾಸ್ ಫ್ಲಾಸ್ಕುಗಳು ಬಂದು ದೊಂಗ್ಮೊ ಮೂಲೆ ಸೇರುತ್ತಿದೆ. ಮಾರುಕಟ್ಟೆಯಲ್ಲಿ ‘ಟಿಬೆಟನ್ ಬೆಳ್ಳಿ’ ಎಂದು ಸಿಗುವುದು ಬಹುಮಟ್ಟಿಗೆ ತಾಮ್ರ, ನಿಕ್ಕಲ್ ಬೆರಕೆ. ಹಳೆಯ ಪೀಠವೆಂದು ಯಾರಾದರೂ ಕೈಗಿತ್ತರೆ ಮಗುಚಿ ಒಳಮೈ ನೋಡಿ. ಅರಗಿನ ಮೇಲಿಟ್ಟು ಉಳಿಯಿಂದ ತಟ್ಟಿದ ಕೆಲಸವಾದರೆ ಹೊರಗಿನ ಪ್ರತಿ ಉಬ್ಬಿಗೂ ಒಳಗೊಂದು ತಗ್ಗು ಇರುತ್ತದೆ, ಒಂದರಂತೆ ಇನ್ನೊಂದು ಇರುವುದಿಲ್ಲ.