ಒಳಗೆ ತೋಟ, ಹೊರಗೆ ಜಗಲಿಯಿಲ್ಲ

ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲಿನ ಬಾಗಿಲು ದಾಟಿ ಹತ್ತು ಹೆಜ್ಜೆ ನಡೆದಿರಲಿಕ್ಕಿಲ್ಲ, ಆಯಿ, ನನ್ನ ಅಮ್ಮ, ನಿಂತುಬಿಟ್ಟಳು. ಒಂದು ಕೈಯಲ್ಲಿ ತೊಡದೇವಿನ ಡಬ್ಬಿ, ಇನ್ನೊಂದು ಕೈ ಸೊಂಟದ ಮೇಲೆ. ಸಿದ್ದಾಪುರದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ದಣಿವು ಮುಖದಲ್ಲಿತ್ತು. ಕಣ್ಣು ಮಾತ್ರ ಮಾಡಿನ ಕಡೆಗೇ ನೆಟ್ಟಿತ್ತು. ಅಲ್ಲಿಂದ ರಾಶಿ ರಾಶಿ ಹಸಿರು ಬಳ್ಳಿಗಳು ಇಳಿಬಿದ್ದಿದ್ದವು.

“ಬಳ್ಳಿ ಹೇಳಿರೆ ಮೇಲೆ ಹತ್ತವು ಅಲ್ದನಾ ತಮಾ? ಇಲ್ಲಿ ಎಲ್ಲಾ ಕೆಳಗೇ ಇಳೀತಾ ಇದ್ದಲಾ!”

ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸುತ್ತಲೇ ಎಪ್ಪತ್ತು ದಾಟಿದವಳ ಮಾತು ಅದು. ಈ ಕಟ್ಟಡದ ಬಗ್ಗೆ ನಾನು ಓದಿದ, ಕೇಳಿದ ಹೊಗಳಿಕೆಗಳಲ್ಲಿ ಯಾವುದೂ ಅಷ್ಟು ನೇರವಾಗಿ ವಿಷಯಕ್ಕೆ ಕೈಹಾಕಿರಲಿಲ್ಲ. ಇದನ್ನು ಕಟ್ಟಿದವರು ‘ತೋಟದೊಳಗಿನ ಟರ್ಮಿನಲ್’ ಎಂದೇ ಪರಿಚಯಿಸುತ್ತಾರೆ. ಹಾಗಿದ್ದರೆ ಇದನ್ನು ತೂಗಿ ನೋಡುವ ಹಕ್ಕು ತೋಟದವರಿಗೂ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಲ್ಲಿ ತೋಟವೆಂದರೆ ನೋಡಿ ಹೋಗುವ ಜಾಗವಲ್ಲ, ಬದುಕಿನ ಜಾಗ. ಆ ಕಣ್ಣಿನಿಂದ ಇದನ್ನು ನೋಡಬೇಕು ಅಂತ ನನಗೆ ಅನ್ನಿಸಿದ್ದು ಅಲ್ಲೇ, ಆಯಿ ನಿಂತ ಆ ಜಾಗದಲ್ಲೇ.

ದೇವನಹಳ್ಳಿಯ ಬಯಲಿನಲ್ಲಿ 2008ರ ಮೇ ತಿಂಗಳಲ್ಲಿ ಶುರುವಾದ ನಿಲ್ದಾಣಕ್ಕೆ 2013ರಲ್ಲಿ ಕೆಂಪೇಗೌಡರ ಹೆಸರು ಬಂತು. ಎರಡನೇ ಟರ್ಮಿನಲ್ಲು ಉದ್ಘಾಟನೆಯಾದದ್ದು 2022ರ ನವೆಂಬರ್ 11ರಂದು. ದೇಶದೊಳಗಿನ ವಿಮಾನಗಳು ಅಲ್ಲಿಂದ ಏಳತೊಡಗಿದ್ದು 2023ರ ಜನವರಿಯಲ್ಲಿ, ಹೊರದೇಶದವು ಅದೇ ಸೆಪ್ಟೆಂಬರಿನಲ್ಲಿ. ನಕ್ಷೆ ಅಮೆರಿಕದ ಸ್ಕಿಡ್‌ಮೋರ್, ಓವಿಂಗ್ಸ್ ಆ್ಯಂಡ್ ಮೆರಿಲ್ ಸಂಸ್ಥೆಯದು. ಹಸಿರಿನ ವಿನ್ಯಾಸ ಸಿಂಗಪುರದ ‘ಗಾರ್ಡನ್ಸ್ ಬೈ ದ ಬೇ’ ರೂಪಿಸಿದ ಗ್ರಾಂಟ್ ಅಸೋಸಿಯೇಟ್ಸ್ ಅವರದು. ಒಟ್ಟು ನೆಲದಳತೆ ಎರಡೂವರೆ ಲಕ್ಷ ಚದರ ಮೀಟರಿಗೂ ಹೆಚ್ಚು. ಎಕರೆ ಲೆಕ್ಕಕ್ಕೆ ತಂದರೆ ಅರವತ್ಮೂರರ ಹತ್ತಿರ. ಎರಡೆಕರೆ ತೋಟ ಇದ್ದವರನ್ನು ಚಲೋ ಕುಳ ಎನ್ನುವ ನಮ್ಮ ಊರಲ್ಲಿ ಈ ಅಂಕಿ ಹೇಳಿದರೆ ಕೇಳಿದವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಅಷ್ಟು ದೊಡ್ಡದಾದರೂ ಈ ಕಟ್ಟಡ ಮನುಷ್ಯನನ್ನು ಹೆದರಿಸುವುದಿಲ್ಲ. ನಾನು ಮೊದಲು ಮೆಚ್ಚಿದ್ದು ಇದನ್ನೇ. ಹೆಚ್ಚಿನ ವಿಮಾನ ನಿಲ್ದಾಣಗಳ ಒಳಗೆ ಹೋದರೆ ಆಸ್ಪತ್ರೆಗೆ ಬಂದ ಹಾಗೆ ಆಗುತ್ತದೆ. ಬಿಳಿ ದೀಪ, ಉಕ್ಕು, ಗಾಜು, ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುವ ನೆಲ. ಇಲ್ಲಿ ಮಾಡಿನ ಕೆಳಗೆ ಬಿದಿರಿನ ಪಟ್ಟಿಗಳ ಜಾಲಿ ಹಾಸಿದ್ದಾರೆ. ಮೇಲಿನಿಂದ ಬರುವ ಹಗಲು ಬೆಳಕು ಆ ಜಾಲಿಯಲ್ಲಿ ಸೋಸಿ ಕೆಳಗೆ ಇಳಿಯುತ್ತದೆ. ಬೆಳಗಿನ ಒಂಬತ್ತರ ಸುಮಾರಿಗೆ ಅದನ್ನು ನೋಡಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಮನೆಯ ಅಂಗಳ. ಅಡಿಕೆ ಒಣಗಿಸಲು ಅಂಗಳದ ಮೇಲೆ ದಬ್ಬೆಯ ಅಟ್ಟ ಹಾಕಿರುತ್ತೇವಲ್ಲ, ದಬ್ಬೆ ದಬ್ಬೆಯ ನಡುವಿನ ಸಂದಿಯಲ್ಲಿ ಬಿಸಿಲು ಪಟ್ಟೆ ಪಟ್ಟೆಯಾಗಿ ಸಗಣಿ ಸಾರಿಸಿದ ನೆಲಕ್ಕೆ ಬೀಳುತ್ತದೆ. ಹಗಲು ಏರಿದಂತೆ ಪಟ್ಟೆ ಸರಿಯುತ್ತ ಹೋಗುತ್ತದೆ. ಗಡಿಯಾರ ನೋಡದೆ ಹೊತ್ತು ಹೇಳಬಹುದು. ವಿಮಾನಕ್ಕೆ ಕಾಯುವ ಜಾಗದಲ್ಲಿ ಹೊತ್ತು ಸರಿಯುವುದು ಹೀಗೆ ನೆಲದ ಮೇಲೆ ಕಾಣುವುದು ಸಣ್ಣ ಸಂಗತಿಯಲ್ಲ.

ಆಯಿ ಕಂಬದ ಹತ್ತಿರ ಹೋಗಿ ಬೆರಳಿನ ಗೆಣ್ಣಿನಿಂದ ಕುಟ್ಟಿದಳು. “ಖರೇ ಬಿದ್ರೆಯಾ?” ಅಂದಳು. ಬಿದಿರೇ, ಆದರೆ ಒಳಗೆ ಉಕ್ಕಿನ ಗಳು ಇದೆ, ಭಾರ ಹೊರುವುದು ಅದು ಎಂದೆ. ಅವಳು ತಲೆಯಾಡಿಸಿದಳು. ನನಗೂ ಅದರಲ್ಲಿ ಮೋಸ ಕಾಣಲಿಲ್ಲ. ಕೈಗೆ ತಾಗುವುದು ತಣ್ಣಗಿನ ಲೋಹವಾಗದೆ ಹುಲ್ಲಿನ ಜಾತಿಯ ಒಂದು ಗಿಡವಾಗಿದ್ದರೆ ಕಾಯುವವನ ಮೈ ಸ್ವಲ್ಪ ಸಡಿಲಾಗುತ್ತದೆ.

ಬಿದಿರಿನ ಮಾತು ಬಂದಾಗ ಉತ್ತರ ಕನ್ನಡದವರಿಗೆ ಇನ್ನೊಂದು ನೆನಪು ಬಾರದೆ ಇರದು. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂತು. ನಮ್ಮ ಕಾಡಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯ ಲೆಕ್ಕದಲ್ಲಿ ಅದಕ್ಕೆ ಕೊಟ್ಟರು. ಬುಟ್ಟಿ ಹೆಣೆಯುವ ಮೇದಾರರು ಅದೇ ಬಿದಿರಿಗೆ ಪೇಟೆಯಲ್ಲಿ ಅದರ ನೂರಾರು ಪಟ್ಟು ಬೆಲೆ ತೆರಬೇಕಿತ್ತು. 1970ರ ದಶಕದಲ್ಲಿ ಜಿಲ್ಲೆಯ ಬಿದಿರನ್ನು ಅಭ್ಯಾಸ ಮಾಡಿದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಇದನ್ನು ಬರೆದಿಟ್ಟಿದ್ದಾರೆ. ಅವರು ಕಂಡುಕೊಂಡ ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿದೆ. ಮೆಳೆ ಸೊಂಪಾಗಿ ಬೆಳೆಯಲಿ ಎಂದು ಅದರ ಬುಡದ ಮುಳ್ಳನ್ನೆಲ್ಲ ಕಡಿಸಿ ಚೊಕ್ಕ ಮಾಡಿಸಲಾಯಿತು. ಮುಳ್ಳಿನ ಕಾವಲು ಹೋದದ್ದೇ ತಡ, ಹೊಸ ಕಳಲೆಯನ್ನು ದನಕರು, ಕಾಡುಪ್ರಾಣಿ ತಿಂದು ಮುಗಿಸಿದವು, ಮೆಳೆಗಳು ಸೊರಗಿದವು. ಹಾಗೆ ಮಾಡಬೇಡಿ ಎಂದು ಊರಿನವರು ಮೊದಲೇ ಹೇಳಿದ್ದರು. ದೇವನಹಳ್ಳಿಯಲ್ಲಿ ಬಿದಿರಿಗೆ ಸಿಕ್ಕ ಮರ್ಯಾದೆ ಕಂಡು ನನಗೆ ನಿಜವಾಗಿ ಸಂತೋಷವಾಯಿತು. ಇದೇ ಮರ್ಯಾದೆ ಕಾಡಿನಲ್ಲಿದ್ದಾಗಲೂ, ಮೇದಾರರ ಕೈಯಲ್ಲಿದ್ದಾಗಲೂ ಅದಕ್ಕೆ ಸಿಕ್ಕಿದ್ದರೆ ಎಂಬ ಸಂಕಟವೂ ಆಯಿತು.

ಭದ್ರತಾ ತಪಾಸಣೆಯಲ್ಲಿ ತೊಡದೇವಿನ ಡಬ್ಬಿಯನ್ನು ಟ್ರೇಯಲ್ಲಿ ಇಡಲು ಆಯಿ ಒಪ್ಪಲೇ ಇಲ್ಲ. ಮಡಕೆಯ ಬೆನ್ನಿನ ಮೇಲೆ ಕಬ್ಬಿನ ಹಾಲು ಬೆರೆಸಿದ ಅಕ್ಕಿ ಹಿಟ್ಟನ್ನು ಬಟ್ಟೆಯಲ್ಲಿ ತೊಡೆದು ಎಬ್ಬಿಸಿದ ಹಾಳೆ ಅದು. ಉಸಿರು ತಾಗಿದರೆ ಪುಡಿಯಾದೀತು. ಕಾವಲಿನ ಹುಡುಗಿ ಏನೆಂದು ಕೇಳಿ ತಿಳಿದುಕೊಂಡು ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಅಡ್ಡವಾಗದಂತೆ ಬೆಲ್ಟಿನ ಮೇಲೆ ಇಟ್ಟಳು. ಆಚೆ ಬದಿಯಲ್ಲಿ ಅದು ಸಮನಾಗಿಯೇ ಹೊರಬಂತು.

ಈ ಕಟ್ಟಡದ ಜೀವ ಇರುವುದು ಆ ತಪಾಸಣೆಯ ಆಚೆಗೆ. ಮುಖ್ಯ ಕಟ್ಟಡಕ್ಕೂ ವಿಮಾನ ಹತ್ತುವ ಗೇಟುಗಳಿಗೂ ನಡುವೆ ಒಂದು ಹಸಿರು ಪಟ್ಟಿ ಬಿಟ್ಟಿದ್ದಾರೆ. ಆಕಾಶಕ್ಕೆ ತೆರೆದ ತೋಟ ಅದು. ಮರ, ನೀರು, ಕಾಲುದಾರಿ, ಬೆತ್ತದ ಹೆಣಿಗೆಯನ್ನು ನೆನಪಿಸುವ ಬಿದಿರು ಹೊದಿಸಿದ ಎರಡಂತಸ್ತಿನ ಮಂಟಪಗಳು. ಬೇರೆಡೆಯಲ್ಲಾದರೆ ತಪಾಸಣೆ ಮುಗಿಸಿದವನನ್ನು ನೇರವಾಗಿ ಅಂಗಡಿಗಳ ಬಾಯಿಗೆ ನೂಕುತ್ತಾರೆ. ಅಂಗಡಿ ಇಲ್ಲೂ ಇದೆ, ಬೇಕಾದಷ್ಟಿದೆ. ಆದರೆ ಅದರ ಮಗ್ಗುಲಲ್ಲೇ ಮಣ್ಣಿನ ವಾಸನೆಯೂ ಇದೆ, ಗಾಳಿಯೂ ಇದೆ. ಹಾರುವ ಮೊದಲು ನೆಲವನ್ನು ಒಮ್ಮೆ ನೋಡಿ ಹೋಗು ಎಂದು ಒಂದು ಕಟ್ಟಡ ಹೇಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ವಿನ್ಯಾಸಕಾರರ ಅತಿ ದೊಡ್ಡ ಗೆಲುವು ಇದು.

ನನ್ನ ತಕರಾರು ಇರುವುದೂ ಇದೇ ತೋಟದ ಬಗ್ಗೆ. ಅದು ಯಾರಿಗೆ?

ಟಿಕೆಟ್ಟು ಇದ್ದವರಿಗೆ. ಕಳಿಸಲು ಬಂದವರು, ಕರೆದುಕೊಂಡು ಹೋಗಲು ಬಂದವರು ಅದನ್ನು ಕಾಣುವಂತಿಲ್ಲ. ನಮ್ಮ ಮೂರು ತಾಲೂಕುಗಳ ಹಳ್ಳಿಗಳಲ್ಲಿ ಮಕ್ಕಳು ಬೆಂಗಳೂರಿಗೋ ಪುಣೆಗೋ ಅಮೆರಿಕಕ್ಕೋ ಹೋಗಿ, ಇಬ್ಬರೇ ಹಿರಿಯರು ತೋಟ ನೋಡಿಕೊಂಡಿರುವ ಮನೆಗಳು ಬೇಕಾದಷ್ಟಿವೆ. ಆ ಮನೆಯವರಿಗೆ ವಿಮಾನ ನಿಲ್ದಾಣವೆಂದರೆ ಹಾರುವ ಜಾಗಕ್ಕಿಂತ ಹೆಚ್ಚಾಗಿ ಬೀಳ್ಕೊಡುವ ಜಾಗ. ಒಂದು ನಿಲ್ದಾಣದ ಹೊರಗೆ, ಅದರ ಹೆಸರು ಬೇಡ, ದೇಶದ ಬಹಳಷ್ಟು ನಿಲ್ದಾಣಗಳ ಸ್ಥಿತಿ ಅದೇ, ಅಣ್ಣನ ಮಗನನ್ನು ಕಳಿಸಿಕೊಟ್ಟ ರಾತ್ರಿ ನೆನಪಿದೆ. ಎರಡೂವರೆ ಗಂಟೆ. ಅಣ್ಣ ಗಾಜಿಗೆ ಹಣೆ ಒತ್ತಿ ಮಗನ ಬೆನ್ನಿನ ಕೆಂಪು ಚೀಲ ಸರತಿಯಲ್ಲಿ ಎಲ್ಲಿಯವರೆಗೆ ಕಾಣುತ್ತದೆಂದು ನೋಡುತ್ತ ನಿಂತಿದ್ದ. ಅತ್ತಿಗೆ ಯಾರೋ ಬಿಟ್ಟುಹೋದ ಸಾಮಾನಿನ ಗಾಡಿಯ ಅಂಚಿನಲ್ಲಿ ಕೂತಿದ್ದಳು. ಅವಳಿಗೆ ಮೊಣಕಾಲು ನೋವು.

ನಮ್ಮ ಕಡೆಯ ಹಳೆಯ ಮನೆಗಳನ್ನು ಕಟ್ಟಿದವರಿಗೆ ಇದು ಗೊತ್ತಿತ್ತು. ಅಂಗಳ ದಾಟಿದ ಕೂಡಲೆ ಜಗಲಿ. ಬಂದವನು ಯಾರು, ಏಕೆ ಬಂದ ಎಂದು ಕೇಳುವ ಮೊದಲೇ ಕಾಲಿಗೆ ನೀರು, ಕೂರಲು ಚಾಪೆ, “ಆಸರಿಗೆ ಬೇಕಾ” ಎಂಬ ಮಾತು, ಒಂದು ತುಂಡು ಬೆಲ್ಲ, ಪಕ್ಕಕ್ಕೆ ಕವಳದ ಹರಿವಾಣ. ಒಳಮನೆಗೆ ಎಲ್ಲರಿಗೂ ಪ್ರವೇಶ ಇರಲಿಲ್ಲ. ಆ ಕಟ್ಟುಪಾಡಿನಲ್ಲಿ ಜಾತಿಯ ಕೆಡುಕೂ ಇತ್ತು, ಜಗಲಿಯನ್ನೂ ಹತ್ತಗೊಡದೆ ಅಂಗಳದಲ್ಲೇ ನಿಲ್ಲಿಸಿದವರಿದ್ದರು, ಅದನ್ನು ಮರೆಸಿ ಮಾತಾಡಲಾರೆ. ಆದರೆ ಒಳಗೂ ಅಲ್ಲದ ಹೊರಗೂ ಅಲ್ಲದ ಆ ಜಾಗ, ಮಳೆ ಬಿದ್ದರೆ ಮಾಡು ಇರುವ, ಸುಸ್ತಾದರೆ ಬೆನ್ನು ಕೊಡಲು ಗೋಡೆ ಇರುವ ಆ ಜಾಗ ಕಟ್ಟಡ ವಿದ್ಯೆಗೆ ಮಲೆನಾಡು ಕೊಟ್ಟ ಉಡುಗೊರೆ. ಭದ್ರತೆಯ ನಿಯಮವನ್ನು ನಕ್ಷೆ ಬರೆಯುವವನು ಬದಲಿಸಲಾರ, ಸರಿ. ಬಾಗಿಲಿನ ಹೊರಗಡೆ ಏನಿರಬೇಕೆಂದು ಅವನು ತೀರ್ಮಾನಿಸಬಲ್ಲ.

ಹಾಗೆ ತೀರ್ಮಾನಿಸಿದವರಿದ್ದಾರೆ. ಸಿಂಗಪುರದ ಚಾಂಗಿ ನಿಲ್ದಾಣದಲ್ಲಿ 2019ರಲ್ಲಿ ತೆರೆದ ‘ಜ್ಯೂವೆಲ್’ ಎಂಬ ಗಾಜಿನ ಗುಮ್ಮಟದ ಕೆಳಗೆ ಕಾಡಿನಂಥ ತೋಟವಿದೆ, ನಡುವೆ 40 ಮೀಟರ್ ಎತ್ತರದಿಂದ ಬೀಳುವ ನೀರಿದೆ. 253 ಮೀಟರಿನ ಜೋಗವನ್ನು ಮಗ್ಗುಲಲ್ಲೇ ಇಟ್ಟುಕೊಂಡ ಸಿದ್ದಾಪುರದವರಿಗೆ ಆ ನೀರು ದೊಡ್ಡದೆನಿಸದು. ಆದರೆ ವಿನ್ಯಾಸಕಾರ ಮೋಶೆ ಸಫ್ದಿ ಅದನ್ನು ಇಟ್ಟ ಜಾಗ ನೋಡಿ. ತಪಾಸಣೆಯ ಈಚೆಗೆ, ಊರಿನ ಕಡೆಗೆ. ಟಿಕೆಟ್ಟಿಲ್ಲದ ಅಜ್ಜ ಮೊಮ್ಮಗಳ ಕೈ ಹಿಡಿದು ಒಳಗೆ ಬಂದು ಕೂರಬಹುದು. ಬೆಂಗಳೂರಿನ ತೋಟ ಚಾಂಗಿಯದಕ್ಕಿಂತ ಸಹಜವಾಗಿದೆ, ಅದರ ಗಾಳಿ ನಿಜವಾದ ಗಾಳಿ. ಇಟ್ಟ ಜಾಗದಲ್ಲಿ ಮಾತ್ರ ಚಾಂಗಿಯೇ ಮೇಲು.

ನಮಗೆ ಹತ್ತಿರದ ನಿಲ್ದಾಣಗಳು ಬೇರೆ. ಉತ್ತರ ಕನ್ನಡದಲ್ಲಿ ಜನರು ಹತ್ತಿ ಇಳಿಯುವ ವಿಮಾನ ನಿಲ್ದಾಣ ಒಂದೂ ಇಲ್ಲ. ಯಲ್ಲಾಪುರದವರು ಹುಬ್ಬಳ್ಳಿಗೆ ಹೋಗುತ್ತಾರೆ, ಶಿರಸಿಯವರೂ ಹೆಚ್ಚಾಗಿ ಅಲ್ಲಿಗೇ. ಸಿದ್ದಾಪುರದವರಿಗೆ ಈಗ ಶಿವಮೊಗ್ಗ ಅನುಕೂಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಟ್ಟಡ, 2017ರ ಡಿಸೆಂಬರಿನಲ್ಲಿ ತೆರೆದದ್ದು, ಅಂದಚಂದಕ್ಕೆ ಹೆಸರಾದದ್ದಲ್ಲ. ಆದರೆ ಕಾರಿನಿಂದ ಇಳಿದವನು ಬಾಗಿಲಿಗೆ ನಾಲ್ಕು ಹೆಜ್ಜೆ ಇಟ್ಟರೆ ಸಾಕು. ವಯಸ್ಸಾದವರ ಜೊತೆ ಹೋದವರಿಗೆ ಇದರ ಬೆಲೆ ಗೊತ್ತು. ಏರ್ ಡೆಕ್ಕನ್ 2003ರಲ್ಲಿ ಹಾರಲು ಶುರು ಮಾಡಿದಾಗ ಅದರ ಮೊದಮೊದಲ ಹಾರಾಟಗಳಲ್ಲಿ ಹುಬ್ಬಳ್ಳಿ–ಬೆಂಗಳೂರೂ ಒಂದು. ನಮ್ಮ ಕಡೆಯ ಎಷ್ಟೋ ಮಂದಿ ಮೊದಲು ವಿಮಾನದ ಮೆಟ್ಟಿಲು ಹತ್ತಿದ್ದು ಅಲ್ಲೇ. ಅಲ್ಲಿ ಹೊಸ ಟರ್ಮಿನಲ್ಲಿಗೆ 2024ರ ಮಾರ್ಚಿನಲ್ಲಿ ಅಡಿಗಲ್ಲು ಬಿತ್ತು.

ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾದ ನಿಲ್ದಾಣಕ್ಕೆ ಕುವೆಂಪು ಅವರ ಹೆಸರಿದೆ. ಟರ್ಮಿನಲ್ಲು ಕಮಲದ ಆಕಾರದ್ದು. ಈ ಆಕಾರ ನನ್ನನ್ನು ಗೆಲ್ಲಲಿಲ್ಲ. ಕಮಲ ಕಾಣುವುದು ಮೇಲಿನಿಂದ, ಫೋಟೋದಲ್ಲಿ. ಒಳಗೆ ಕೂತವನಿಗೆ ತಾನು ಯಾವ ಎಸಳಿನಲ್ಲಿದ್ದೇನೆಂದು ತಿಳಿಯದು. ಬನವಾಸಿಯ ಮಧುಕೇಶ್ವರ ದೇವಸ್ಥಾನದ ಮಂಟಪ ಏನನ್ನೂ ಅನುಕರಿಸುವುದಿಲ್ಲ. ಆದರೂ ಉಜ್ಜಿ ನುಣುಪು ಮಾಡಿದ ಕರಿಕಲ್ಲಿನ ಕಂಬದ ಹತ್ತಿರ ನಿಂತವನಿಗೆ ತಾನು ಎಲ್ಲಿದ್ದೇನೆಂದು ಮೈಗೇ ಗೊತ್ತಾಗುತ್ತದೆ. ಮಲೆನಾಡಿನ ಹೆಬ್ಬಾಗಿಲಿಗೆ, ಅದೂ ಆ ಕವಿಯ ಹೆಸರು ಹೊತ್ತ ಜಾಗಕ್ಕೆ, ಇಳಿಜಾರು ಮಾಡೂ ಉದ್ದ ಜಗಲಿಯೂ ಬೇಕಿತ್ತು.

ಅಂಕೋಲೆಯ ಅಲಗೇರಿಯಲ್ಲಿ ನಮ್ಮ ಜಿಲ್ಲೆಗೇ ಒಂದು ನಿಲ್ದಾಣ ಮಾಡುವ ಯೋಜನೆ ಇದೆ. ಶರಾವತಿ, ಕದ್ರಾ, ಕೊಡಸಳ್ಳಿಯ ಅಣೆಕಟ್ಟು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಎಂದು ಮತ್ತೆ ಮತ್ತೆ ನೆಲ ಬಿಟ್ಟುಕೊಟ್ಟ ಜಿಲ್ಲೆ ಇದು. ಅಲ್ಲಿ ಕಟ್ಟುವುದೇ ಆದರೆ ಮೊದಲ ನಕ್ಷೆ ಬಾಗಿಲಿನ ಹೊರಗಿನದಾಗಲಿ. ಕೆಂಪುಕಲ್ಲಿನ ಕಟ್ಟೆ, ಹಂಚಿನ ಮಾಡು, ಕುಡಿಯುವ ನೀರು, ವಿಮಾನ ಏಳುವುದು ಕಾಣುವಂತೆ ಒಂದು ಬದಿ ತೆರವು. ಭೂಮಿ ಕೊಟ್ಟವರು ಅಲ್ಲಿ ಟಿಕೆಟ್ಟಿಲ್ಲದೆ ಬಂದು ಕೂರುವಂತಿರಲಿ.

ಶಿವಮೊಗ್ಗದ ಕಟ್ಟಡ ಗೆಲ್ಲಲಿಲ್ಲ ಎಂದೆ. ಹಾರಾಟ ಗೆದ್ದಿತು. ಊರಿಗೆ ಮರಳುವಾಗ ಆಯಿಯನ್ನು ಕರೆತಂದದ್ದು ಎಟಿಆರ್ ವಿಮಾನದಲ್ಲಿ. ರೆಕ್ಕೆ ಮೇಲಿರುವುದರಿಂದ ಆ ವಿಮಾನದ ಕಿಟಕಿಗೆ ಅಡ್ಡಿಯಿಲ್ಲ, ಜೆಟ್ಟುಗಳಷ್ಟು ಎತ್ತರಕ್ಕೂ ಅದು ಹೋಗುವುದಿಲ್ಲ. ಬೆಂಗಳೂರಿನ ಹೊರವಲಯದ ಮನೆಗಳು ಮುಗಿದು ಕೆರೆಗಳು ಬಂದವು, ಕೆಂಪು ನೆಲ ಬಂತು, ಆಮೇಲೆ ತೆಂಗು. ನಡುವೆ ಒಂದಷ್ಟು ಹೊತ್ತು ಬರೀ ಬಿಳಿ ಮೋಡ. ಆಯಿ ಕಿಟಕಿಗೆ ಮೂಗು ತಾಗಿಸಿಯೇ ಕೂತಿದ್ದಳು. ಕೊಟ್ಟ ನೀರನ್ನು ಮುಟ್ಟಲಿಲ್ಲ. ವಿಮಾನ ಇಳಿಯತೊಡಗಿ ಮೋಡ ಹರಿದಾಗ ಕೆಳಗೆ ಹಸಿರು ಒತ್ತಾಗಿ ಕಂಡಿತು. ಇನ್ನೂ ಕೆಳಗಿಳಿದಾಗ ಅದು ಸಾಲು ಸಾಲಾಯಿತು. ಪ್ರತಿ ಸಾಲಿನಲ್ಲೂ ಸಣ್ಣ ಸಣ್ಣ ನಕ್ಷತ್ರ.

ಅಡಿಕೆ ಮರದ ನೆತ್ತಿಯ ಚಂಡೆ. ಕೊನೆ ಕೊಯ್ಯುವವನೊಬ್ಬ ಮರದ ತುದಿಯಿಂದ ಕಂಡಿರಬಹುದಾದದ್ದು. ಆಯಿ ತನ್ನ ಆಯುಷ್ಯವಿಡೀ ಕತ್ತೆತ್ತಿ ಕೆಳಗಿನಿಂದ ಮಾತ್ರ ನೋಡಿದ್ದು.

ಬಹಳ ಹೊತ್ತು ಅವಳು ಮಾತಾಡಲಿಲ್ಲ. ಚಕ್ರ ಹೊರಬಂದ ಸದ್ದಾದ ಮೇಲೆ ನನ್ನ ಕೈ ಹಿಡಿದು, ಕಣ್ಣು ಕಿಟಕಿಯಿಂದ ತೆಗೆಯದೆ ಕೇಳಿದಳು.

“ಇದು ಯಾರ ತೋಟನಾ ತಮಾ?”